ಸೋಫಿಯಾ ಕೊವಲೆವ್ಸ್ಕಾಯಾ: ಮುಚ್ಚಿದ ಬಾಗಿಲುಗಳ ಮುಂದೆ ಒಬ್ಬ ಗಣಿತಜ್ಞೆ

ಗಣಿತದ ಇತಿಹಾಸ ಎಂದೊಡನೆ ನಮಗೆ ನೆನಪಾಗುವ ಹೆಸರುಗಳು ಆರ್ಯಭಟ, ಭಾಸ್ಕರಾಚಾರ್ಯ, ಯೂಕ್ಲಿಡ್, ನ್ಯೂಟನ್, ಆಯ್ಲರ್, ರಾಮಾನುಜನ್. ಈ ಸಾಲಿನಲ್ಲಿ ಹೆಣ್ಣುಮಕ್ಕಳ ಹೆಸರು ಹುಡುಕಲು ಹೊರಟರೆ ಬೆರಳೆಣಿಕೆಯಷ್ಟೇ ಸಿಗುತ್ತವೆ. ಸುಮಾರು ಸಾವಿರದ ಆರುನೂರು ವರ್ಷಗಳ ಹಿಂದೆ ಅಲೆಕ್ಸಾಂಡ್ರಿಯಾದಲ್ಲಿ ಪಾಠ ಹೇಳುತ್ತಿದ್ದ ಹೈಪೇಶಿಯಾ ಅವರಲ್ಲೊಬ್ಬರು. ಗಂಡಸಿನ ಹೆಸರು ಇಟ್ಟುಕೊಂಡು ಗಾಸ್‌ನಂಥ ಮೇಧಾವಿಗೆ ಪತ್ರ ಬರೆಯಬೇಕಾಗಿ ಬಂದ ಫ್ರಾನ್ಸಿನ ಸೋಫಿ ಜರ್ಮೈನ್ ಇನ್ನೊಬ್ಬರು. ತನ್ನ ಸ್ವಂತ ಹೆಸರಿನಲ್ಲೇ ಪದವಿ, ಪ್ರಶಸ್ತಿ, ಪ್ರಾಧ್ಯಾಪಕ ಹುದ್ದೆ ಮೂರನ್ನೂ ಪಡೆದ ಹತ್ತೊಂಬತ್ತನೆಯ ಶತಮಾನದ ಗಣಿತಜ್ಞೆ ರಷ್ಯಾದ ಸೋಫಿಯಾ ಕೊವಲೆವ್ಸ್ಕಾಯಾ.

ಆಕೆ ಬದುಕಿದ್ದು ನಲವತ್ತೊಂದು ವರ್ಷ ಮಾತ್ರ. ಅದರಲ್ಲೂ ಗಣಿತಕ್ಕೆ ಸಿಕ್ಕ ವರ್ಷಗಳು ಇನ್ನೂ ಕಡಿಮೆ. ಉಳಿದ ಕಾಲವೆಲ್ಲ ಅಪ್ಪಣೆ ಕೇಳುವುದರಲ್ಲಿ, ಊರು ಬದಲಿಸುವುದರಲ್ಲಿ, ಕೆಲಸಕ್ಕಾಗಿ ಕಾಯುವುದರಲ್ಲಿ ಕಳೆದುಹೋಯಿತು. ಅವರ ಸಾಧನೆಯನ್ನು ಹೊಗಳುವಾಗ ಈ ಕಳೆದುಹೋದ ವರ್ಷಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮಕ್ಕಳ ಕೋಣೆಯ ಗೋಡೆ

ಸೋಫಿಯಾ ಹುಟ್ಟಿದ್ದು 1850ರ ಜನವರಿ 15ರಂದು, ಮಾಸ್ಕೋದಲ್ಲಿ. ತಂದೆ ವಸೀಲಿ ಕೊರ್ವಿನ್-ಕ್ರುಕೊವ್‌ಸ್ಕಿ ಫಿರಂಗಿ ದಳದ ಸೇನಾಧಿಕಾರಿ. ತಾಯಿಯ ತವರು ವಿದ್ವಾಂಸರ ಮನೆತನ. ತಾಯಿಯ ಅಜ್ಜ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹೆಸರಾದ ಖಗೋಳಜ್ಞರಾಗಿದ್ದವರು. ಅಕ್ಕ ಅನ್ಯೂತಾ, ತಮ್ಮ ಫ್ಯೋದೊರ್, ನಡುವಿನವಳು ಸೋಫಿಯಾ.

ತಂದೆ ಸೇನೆಯಿಂದ ನಿವೃತ್ತರಾದ ಮೇಲೆ ಕುಟುಂಬ ಪಾಲಿಬಿನೊ ಎಂಬ ಹಳ್ಳಿಯ ತಮ್ಮ ಜಮೀನಿಗೆ ಬಂದು ನೆಲೆಸಿತು. ಹಳೆಯ ದೊಡ್ಡ ಮನೆ. ಗೋಡೆಗಳಿಗೆ ಅಂಟಿಸಲು ಪೀಟರ್ಸ್‌ಬರ್ಗಿನಿಂದ ತರಿಸಿದ ಬಣ್ಣದ ಕಾಗದ ಒಂದು ಕೋಣೆಗೆ ಸಾಲದೆ ಹೋಯಿತು. ಮಕ್ಕಳ ಕೋಣೆ ತಾನೇ ಎಂದು, ಅಟ್ಟದಲ್ಲಿದ್ದ ಹಳೆಯ ಕಾಗದಗಳನ್ನು ತಂದು ಅಂಟಿಸಿದರು. ಅವು ತಂದೆ ಯೌವನದಲ್ಲಿ ಓದಿದ್ದ, ಗಣಿತಜ್ಞ ಒಸ್ಟ್ರೊಗ್ರಾಡ್‌ಸ್ಕಿ ಅವರ ಕಲನಶಾಸ್ತ್ರದ ಉಪನ್ಯಾಸಗಳ ಮುದ್ರಿತ ಹಾಳೆಗಳು.

ಸೋಫಿಯಾ ಗಂಟೆಗಟ್ಟಲೆ ಆ ಗೋಡೆಯ ಮುಂದೆ ನಿಲ್ಲುತ್ತಿದ್ದಳು. ಯಾವ ಹಾಳೆಯ ನಂತರ ಯಾವುದು ಬರಬೇಕು ಎಂದು ಜೋಡಿಸಿ ನೋಡುತ್ತಿದ್ದಳು. ಒಂದು ಸಾಲೂ ಅರ್ಥವಾಗುತ್ತಿರಲಿಲ್ಲ. ಆದರೆ ಚಿಹ್ನೆಗಳ ಆಕಾರ ಮಾತ್ರ ಕಣ್ಣಿನಲ್ಲಿ ಉಳಿದುಬಿಟ್ಟಿತು. ತಂದೆಯ ಅಣ್ಣ ಪ್ಯೋತರ್ ಮನೆಗೆ ಬಂದಾಗಲೆಲ್ಲ ತಾನು ಓದಿದ್ದನ್ನು ಈ ಹುಡುಗಿಗೆ ಹೇಳುವರು. ವೃತ್ತದಷ್ಟೇ ವಿಸ್ತೀರ್ಣದ ಚೌಕವನ್ನು ರಚಿಸುವ ಹಳೆಯ ಸಮಸ್ಯೆ, ಎಂದೆಂದಿಗೂ ಹತ್ತಿರ ಸರಿಯುತ್ತಾ ಹೋಗಿಯೂ ಮುಟ್ಟದ ರೇಖೆಗಳು, ಹೀಗೆ. ದೊಡ್ಡಪ್ಪನಿಗೂ ಗಣಿತದಲ್ಲಿ ಅಂಥ ಪಾಂಡಿತ್ಯ ಇರಲಿಲ್ಲ. ಆದರೆ ಅದರ ಬಗ್ಗೆ ಭಕ್ತಿ ಇತ್ತು. ಆ ಭಕ್ತಿ ಹುಡುಗಿಗೂ ಬಂತು.

ಕದ್ದು ಓದಿದ ಬೀಜಗಣಿತ

ಮನೆಪಾಠದ ಮೇಷ್ಟ್ರು ಅಂಕಗಣಿತ ಕಲಿಸತೊಡಗಿದಾಗ ಸೋಫಿಯಾಳ ಆಸಕ್ತಿ ತಂದೆಗೆ ಗಾಬರಿ ಹುಟ್ಟಿಸಿತು. ಓದಿದ ಹೆಂಗಸರೆಂದರೆ ಅವರಿಗೆ ಆಗುತ್ತಿರಲಿಲ್ಲ. ಗಣಿತದ ಪಾಠ ನಿಲ್ಲಿಸಿದರು. ಆಕೆ ಮೇಷ್ಟ್ರ ಹತ್ತಿರ ಬೀಜಗಣಿತದ ಪುಸ್ತಕ ಇಸಿದುಕೊಂಡು ದಿಂಬಿನ ಕೆಳಗೆ ಬಚ್ಚಿಟ್ಟಳು. ಎಲ್ಲರೂ ಮಲಗಿದ ಮೇಲೆ ಮಂದ ದೀಪದಲ್ಲಿ ಓದಿದಳು.

ಮುಂದೊಂದು ದಿನ ನೆರೆಯ ಜಮೀನುದಾರ, ಭೌತಶಾಸ್ತ್ರದ ಪ್ರಾಧ್ಯಾಪಕ ತಿರ್ತೊವ್, ತಾನು ಬರೆದ ಪಠ್ಯಪುಸ್ತಕದ ಒಂದು ಪ್ರತಿಯನ್ನು ಈ ಮನೆಗೆ ಕೊಟ್ಟುಹೋದರು. ಬೆಳಕಿನ ಅಧ್ಯಾಯಕ್ಕೆ ಬಂದಾಗ ಸೋಫಿಯಾಳಿಗೆ ‘ಸೈನ್’ ಎಂಬ ಪದ ಎದುರಾಯಿತು. ತ್ರಿಕೋನಮಿತಿ ಆಕೆ ಕಲಿತಿರಲಿಲ್ಲ. ಮೇಷ್ಟ್ರಿಗೂ ಅದನ್ನು ವಿವರಿಸಲು ಆಗಲಿಲ್ಲ. ಕೋನ ಚಿಕ್ಕದಾಗಿದ್ದರೆ ಸೈನ್ ಬದಲಿಗೆ ವೃತ್ತದ ಜ್ಯಾವನ್ನು ಬಳಸಿದರೂ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ ಎಂದು ಆಕೆ ತಾನೇ ಯೋಚಿಸಿ ಕಂಡುಕೊಂಡಳು. ಸೈನ್ ಎಂಬ ಪರಿಕಲ್ಪನೆ ಚರಿತ್ರೆಯಲ್ಲಿ ಬೆಳೆದು ಬಂದದ್ದೂ ಜ್ಯಾದಿಂದಲೇ. ಶತಮಾನಗಳ ಹಿಂದೆ ವಿದ್ವಾಂಸರು ನಡೆದ ದಾರಿಯನ್ನು ಹಳ್ಳಿಯ ಮನೆಯ ಹುಡುಗಿಯೊಬ್ಬಳು ಯಾರ ನೆರವೂ ಇಲ್ಲದೆ ಮತ್ತೆ ನಡೆದಿದ್ದಳು.

ಮುಂದಿನ ಸಲ ಬಂದಾಗ ತಿರ್ತೊವ್ ಈ ಪುಸ್ತಕ ನಿನಗೆ ಅರ್ಥವಾಗಲಿಕ್ಕಿಲ್ಲ ಎಂದುಕೊಂಡೇ ಮಾತಾಡಿಸಿದರು. ಆಕೆಯ ವಿವರಣೆ ಕೇಳಿ ಬೆರಗಾದರು. ಈಕೆಯನ್ನು ಪ್ಯಾಸ್ಕಲ್‌ಗೆ ಹೋಲಿಸಿ, ಒಳ್ಳೆಯ ಗುರುವನ್ನು ನೇಮಿಸುವಂತೆ ತಂದೆಯನ್ನು ಒತ್ತಾಯಿಸಿದರು. ತಂದೆ ಒಪ್ಪಲು ಇನ್ನೂ ಕಾಲ ಹಿಡಿಯಿತು. ಕೊನೆಗೆ ಪೀಟರ್ಸ್‌ಬರ್ಗಿನಲ್ಲಿ ಸ್ಟ್ರಾನ್ನೊಲ್ಯುಬ್‌ಸ್ಕಿ ಎಂಬ ಗುರುಗಳ ಬಳಿ ಕಲನಶಾಸ್ತ್ರದ ಪಾಠ ಶುರುವಾಯಿತು. ಮೊದಲೇ ಗೊತ್ತಿದ್ದವಳಂತೆ ಈಕೆ ಎಲ್ಲವನ್ನೂ ಗ್ರಹಿಸುವುದನ್ನು ಕಂಡು ಅವರಿಗೆ ಅಚ್ಚರಿ. ಪಾಠ ಕೇಳುತ್ತಿದ್ದಂತೆ ಸೋಫಿಯಾಳಿಗೆ ಮಕ್ಕಳ ಕೋಣೆಯ ಗೋಡೆಯ ಸೂತ್ರಗಳು ಒಂದೊಂದಾಗಿ ನೆನಪಾಗುತ್ತಿದ್ದವು.

ಹೆಸರಿಗೊಂದು ಮದುವೆ

ಮುಂದಿನ ಓದಿಗೆ ದಾರಿ ಇರಲಿಲ್ಲ. ರಷ್ಯಾದ ವಿಶ್ವವಿದ್ಯಾಲಯಗಳು ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹೊರದೇಶಕ್ಕೆ ಹೋಗಬೇಕೆಂದರೆ ತಂದೆಯ ಅಥವಾ ಗಂಡನ ಅನುಮತಿ ಬೇಕು. ತಂದೆ ಕೊಡುವವರಲ್ಲ. ಹೀಗೆ ಕಟ್ಟುಬಿದ್ದ ಆ ಕಾಲದ ಓದುವ ಹಂಬಲದ ಹುಡುಗಿಯರು ಒಂದು ಉಪಾಯ ಕಂಡುಕೊಂಡಿದ್ದರು. ಪ್ರಗತಿಪರ ವಿಚಾರದ ಯುವಕನೊಬ್ಬನನ್ನು ಹೆಸರಿಗೆ ಮಾತ್ರ ಮದುವೆಯಾಗಿ ದೇಶದಿಂದ ಹೊರಗೆ ಹೋಗುವುದು. ಒಬ್ಬಳಿಗೆ ಮದುವೆಯಾದರೆ ಅವಳ ಜೊತೆಯಲ್ಲಿ ಅಕ್ಕತಂಗಿಯರು, ಗೆಳತಿಯರೂ ಹೊರಡಬಹುದು.

ಅಕ್ಕ ಅನ್ಯೂತಾ ಕೂಡ ಧೈರ್ಯದ ಹೆಣ್ಣು. ಮನೆಯವರಿಗೆ ತಿಳಿಯದಂತೆ ಕಥೆ ಬರೆದು ದೊಸ್ತೊಯೆವ್‌ಸ್ಕಿಯ ಪತ್ರಿಕೆಗೆ ಕಳಿಸಿ ಪ್ರಕಟವಾಗಿದ್ದಳು. ಈ ಉಪಾಯದ ಮದುವೆಗೆ ಮೊದಲು ಸಿದ್ಧಳಾಗಿದ್ದವಳೂ ಅವಳೇ. ಆದರೆ ವರನಾಗಲು ಒಪ್ಪಿದ ವ್ಲಾದಿಮಿರ್ ಕೊವಲೆವ್‌ಸ್ಕಿ ತಂಗಿಯನ್ನು ಆರಿಸಿಕೊಂಡ. ಆತ ಡಾರ್ವಿನ್‌ನ ಬರಹಗಳನ್ನು ರಷ್ಯನ್ ಭಾಷೆಗೆ ತಂದ ಯುವ ಪ್ರಕಾಶಕ; ಮುಂದೆ ಪಳೆಯುಳಿಕೆಗಳ ಅಧ್ಯಯನದಲ್ಲಿ ಹೆಸರು ಮಾಡಿದವ. ತಂದೆ ಸಮ್ಮತಿಸಲಿಲ್ಲ. ಮನೆಯಲ್ಲಿ ಅತಿಥಿಗಳು ಊಟಕ್ಕೆ ಸೇರಿದ್ದ ಒಂದು ಸಂಜೆ ಸೋಫಿಯಾ ಚೀಟಿ ಬರೆದಿಟ್ಟು ಒಬ್ಬಳೇ ವ್ಲಾದಿಮಿರ್‌ನ ಕೋಣೆಗೆ ಹೋಗಿ ಕುಳಿತಳು. ಮಾನ ಕಾಪಾಡಿಕೊಳ್ಳಲು ತಂದೆ ಅದೇ ಅತಿಥಿಗಳ ಮುಂದೆ ನಿಶ್ಚಿತಾರ್ಥ ಸಾರಬೇಕಾಯಿತು. 1868ರಲ್ಲಿ ಮದುವೆ ನಡೆಯಿತು. ಆಕೆಗೆ ಆಗ ಹದಿನೆಂಟು.

ಬರ್ಲಿನ್ನಿನ ಗುರು

1869ರಲ್ಲಿ ಸೋಫಿಯಾ ಜರ್ಮನಿಯ ಹೈಡೆಲ್‌ಬರ್ಗಿಗೆ ಬಂದರು. ಅಲ್ಲೂ ಹೆಂಗಸರಿಗೆ ನೇರ ಪ್ರವೇಶವಿರಲಿಲ್ಲ. ಪಾಠ ಕೇಳಲು ಒಬ್ಬೊಬ್ಬ ಪ್ರಾಧ್ಯಾಪಕರ ಹತ್ತಿರವೂ ಪ್ರತ್ಯೇಕವಾಗಿ ಅಪ್ಪಣೆ ಪಡೆಯಬೇಕು. ಹಾಗೆ ಅಪ್ಪಣೆ ಪಡೆದೇ ಕೋನಿಗ್ಸ್‌ಬರ್ಗರ್, ಕಿರ್ಕಾಫ್, ಹೆಲ್ಮ್‌ಹೋಲ್ಟ್ಸ್ ಮುಂತಾದವರ ಪಾಠ ಕೇಳಿದರು. ರಸಾಯನಶಾಸ್ತ್ರ ಓದಬೇಕೆಂದಿದ್ದ ಗೆಳತಿ ಯೂಲಿಯಾ ಲೆರ್ಮೊಂತೊವಾಗೆ ಬುನ್ಸೆನ್ ಅವರ ಪ್ರಯೋಗಾಲಯದಲ್ಲಿ ಜಾಗ ಕೊಡಿಸಿದವರೂ ಸೋಫಿಯಾ.

ಅದೇ ವರ್ಷ ಲಂಡನ್ನಿಗೆ ಹೋದಾಗ ಕಾದಂಬರಿಗಾರ್ತಿ ಜಾರ್ಜ್ ಎಲಿಯಟ್ ಅವರ ಮನೆಯ ಭಾನುವಾರದ ಕೂಟಕ್ಕೆ ಹೋಗಿದ್ದರು. ಅಲ್ಲಿದ್ದ ಹಿರಿಯರೊಬ್ಬರ ಜೊತೆ, ಹೆಂಗಸರಿಗೆ ಅಮೂರ್ತ ಚಿಂತನೆಯ ಶಕ್ತಿ ಇದೆಯೇ ಎಂಬ ವಿಷಯದಲ್ಲಿ ಬಿಸಿಬಿಸಿ ವಾದ ನಡೆಯಿತು. ಹತ್ತೊಂಬತ್ತರ ಹುಡುಗಿ ಸಂಕೋಚ ಮರೆತು ವಾದಿಸಿದರು. ಆ ಹಿರಿಯರು ಪ್ರಸಿದ್ಧ ತತ್ತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರ್ ಎಂಬುದು ಆಕೆಗೆ ತಿಳಿದದ್ದು ಆಮೇಲೆ.

1870ರಲ್ಲಿ ಬರ್ಲಿನ್‌ಗೆ ಹೋದರು. ಆ ಕಾಲದ ಶ್ರೇಷ್ಠ ಗಣಿತಜ್ಞ ಕಾರ್ಲ್ ವೈಯರ್‌ಸ್ಟ್ರಾಸ್ ಅವರ ಶಿಷ್ಯೆಯಾಗಬೇಕು ಎಂಬುದು ಆಸೆ. ಬರ್ಲಿನ್ ವಿಶ್ವವಿದ್ಯಾಲಯ ಪಾಠ ಕೇಳಲೂ ಬಿಡಲಿಲ್ಲ. ನೇರವಾಗಿ ಗುರುಗಳ ಮನೆಗೇ ಹೋದರು. ಐವತ್ತೈದರ ಆಸುಪಾಸಿನ ವೈಯರ್‌ಸ್ಟ್ರಾಸ್ ಹುಡುಗಿಯನ್ನು ಸಾಗಹಾಕಲೆಂದೋ ಏನೋ ಕೆಲವು ಕಠಿಣ ಸಮಸ್ಯೆಗಳನ್ನು ಕೊಟ್ಟು ಕಳಿಸಿದರು. ಕೆಲವೇ ದಿನಗಳಲ್ಲಿ ಆಕೆ ಉತ್ತರಗಳೊಂದಿಗೆ ಮರಳಿದರು. ಬಿಡಿಸಿದ ರೀತಿಯೂ ಹೊಸದಾಗಿತ್ತು.

ವಿಶ್ವವಿದ್ಯಾಲಯ ಮನಸ್ಸು ಬದಲಿಸಲಿಲ್ಲ. ಗುರು ಮನಸ್ಸು ಬದಲಿಸಿದರು. ನಾಲ್ಕು ವರ್ಷ, ಒಂದು ಕಾಸೂ ತೆಗೆದುಕೊಳ್ಳದೆ, ವಿಶ್ವವಿದ್ಯಾಲಯದಲ್ಲಿ ಹೇಳಿದ ಪಾಠವನ್ನೇ ಮನೆಯಲ್ಲಿ ಮತ್ತೆ ಹೇಳಿದರು. ಭಾನುವಾರ ಆಕೆ ಅವರ ಮನೆಗೆ ಹೋಗುವುದು, ವಾರದ ನಡುವೆ ಒಂದು ದಿನ ಅವರು ಆಕೆಯ ಬಿಡಾರಕ್ಕೆ ಬರುವುದು. ಮದುವೆಯಾಗದೆ ತಂಗಿಯರೊಂದಿಗೆ ಇದ್ದ ವೈಯರ್‌ಸ್ಟ್ರಾಸ್‌ಗೆ ಈ ಶಿಷ್ಯೆ ಮಗಳಂತಾದರು.

1874ರ ಹೊತ್ತಿಗೆ ಸೋಫಿಯಾ ಮೂರು ಪ್ರಬಂಧಗಳನ್ನು ಸಿದ್ಧಪಡಿಸಿದರು. ಒಂದೊಂದೂ ಡಾಕ್ಟರೇಟಿಗೆ ಸಾಕಾಗುವಷ್ಟಿತ್ತು ಎಂಬುದು ಗುರುಗಳ ಅಭಿಪ್ರಾಯ. ಗಾಟಿಂಗೆನ್ ವಿಶ್ವವಿದ್ಯಾಲಯ ಮೌಖಿಕ ಪರೀಕ್ಷೆಯಿಲ್ಲದೆ, ಅತ್ಯುನ್ನತ ದರ್ಜೆಯಲ್ಲಿ ಡಾಕ್ಟರೇಟ್ ನೀಡಿತು. ಆಧುನಿಕ ಯುರೋಪಿನಲ್ಲಿ ಗಣಿತದಲ್ಲಿ ಈ ಪದವಿ ಪಡೆದ ಮೊದಲ ಮಹಿಳೆ ಅವರು. ವಯಸ್ಸು ಇಪ್ಪತ್ತನಾಲ್ಕು.

ಮೂರು ಪ್ರಬಂಧಗಳಲ್ಲಿ ಒಂದು ಶನಿಗ್ರಹದ ಬಳೆಗಳ ಆಕಾರವನ್ನು ಕುರಿತದ್ದು. ಬಳೆಯನ್ನು ಅಡ್ಡ ಕತ್ತರಿಸಿದರೆ ಕಾಣುವ ಆಕಾರ ದೀರ್ಘವೃತ್ತ ಎಂದು ಹಿಂದೆ ಲಾಪ್ಲಾಸ್ ಎಣಿಸಿದ್ದರು. ದ್ರವದ ಬಳೆ ಎಂದು ಭಾವಿಸಿ ಲೆಕ್ಕ ಮಾಡಿದರೆ ಅದು ಮೊಟ್ಟೆಯ ಹಾಗೆ ಒಂದು ಕಡೆ ದಪ್ಪಗಿರುತ್ತದೆ ಎಂದು ಸೋಫಿಯಾ ತೋರಿಸಿದರು. ಇನ್ನೊಂದು ಏಬಲ್ ಅನುಕಲಗಳ ಬಗ್ಗೆ. ಎಲ್ಲಕ್ಕಿಂತ ಮುಖ್ಯವಾದದ್ದು ಆಂಶಿಕ ಅವಕಲ ಸಮೀಕರಣಗಳ ಬಗ್ಗೆ ಬರೆದದ್ದು. ಅಲೆ ಏಳುವುದು, ತಂತಿ ಕಂಪಿಸುವುದು, ಶಾಖ ಹರಡುವುದು ಇವೆಲ್ಲವನ್ನೂ ವಿವರಿಸುವುದು ಈ ಬಗೆಯ ಸಮೀಕರಣಗಳೇ. ಆರಂಭದ ಸ್ಥಿತಿ ಗೊತ್ತಿದ್ದರೆ ಮುಂದಿನದಕ್ಕೆ ಉತ್ತರ ಇದ್ದೇ ಇರುತ್ತದೆಯೇ? ಇದ್ದರೆ ಅದು ಒಂದೇ ಉತ್ತರವೇ? ಯಾವ ನಿಬಂಧನೆಗಳಲ್ಲಿ ಹೌದು ಎನ್ನಬಹುದು ಎಂಬುದನ್ನು ಆಕೆ ಖಚಿತಪಡಿಸಿದರು. ಆ ನಿಬಂಧನೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಶಾಖದ ಸಮೀಕರಣವನ್ನೇ ಉದಾಹರಣೆಯಾಗಿ ಕೊಟ್ಟರು. ಇಂದಿಗೂ ವಿದ್ಯಾರ್ಥಿಗಳು ಇದನ್ನು ಕೋಶಿ-ಕೊವಲೆವ್ಸ್ಕಾಯಾ ಪ್ರಮೇಯ ಎಂಬ ಹೆಸರಿನಲ್ಲಿ ಓದುತ್ತಾರೆ.

ಪದವಿ ಇದೆ, ಕೆಲಸವಿಲ್ಲ

ಇಷ್ಟು ದೊಡ್ಡ ಪದವಿಯೊಂದಿಗೆ ರಷ್ಯಾಕ್ಕೆ ಮರಳಿದ ಸೋಫಿಯಾಗೆ ಸಿಗಬಹುದಾಗಿದ್ದ ಕೆಲಸ ಒಂದೇ: ಹೆಣ್ಣುಮಕ್ಕಳ ಶಾಲೆಯ ಕೆಳತರಗತಿಗಳಿಗೆ ಅಂಕಗಣಿತ ಹೇಳಿಕೊಡುವುದು. ಅದಕ್ಕಿಂತ ಮೇಲಿನದನ್ನು ಹೆಂಗಸಿಗೆ ಕೊಡುವ ನಿಯಮವೇ ಇರಲಿಲ್ಲ. ಜರ್ಮನಿಯಲ್ಲಿ ಪದವಿ ಕೊಟ್ಟವರೂ ಹುದ್ದೆ ಕೊಡಲಿಲ್ಲ.

ಸುಮಾರು ಆರು ವರ್ಷ ಆಕೆ ಗಣಿತದಿಂದ ದೂರವಿದ್ದರು. ತಂದೆ ತೀರಿಕೊಂಡರು. ಹೆಸರಿಗಷ್ಟೇ ಆಗಿದ್ದ ಮದುವೆ ಈ ಅವಧಿಯಲ್ಲಿ ನಿಜವಾದ ದಾಂಪತ್ಯವಾಯಿತು. 1878ರಲ್ಲಿ ಮಗಳು ಹುಟ್ಟಿದಳು. ಪತ್ರಿಕೆಗಳಿಗೆ ಲೇಖನ, ನಾಟಕ ವಿಮರ್ಶೆ ಬರೆದರು. ಗಂಡ ಹೆಂಡತಿ ಸೇರಿ ಮನೆ ಕಟ್ಟಿಸಿ ಬಾಡಿಗೆಗೆ ಕೊಡುವ ವ್ಯವಹಾರಕ್ಕೆ ಕೈಹಾಕಿ ಸಾಲದಲ್ಲಿ ಮುಳುಗಿದರು. ಗುರುಗಳ ಪತ್ರಗಳಿಗೆ ಎಷ್ಟೋ ಕಾಲ ಉತ್ತರ ಬರೆಯಲಿಲ್ಲ.

ಇಪ್ಪತ್ತನಾಲ್ಕರಿಂದ ಮೂವತ್ತು ಎಂದರೆ ಗಣಿತಜ್ಞರ ಬುದ್ಧಿ ಚುರುಕಾಗಿ ಓಡುವ ಕಾಲ. ಆ ವರ್ಷಗಳಲ್ಲಿ ಏನೇನು ಹುಟ್ಟಬಹುದಿತ್ತೋ ಯಾರಿಗೂ ಗೊತ್ತಿಲ್ಲ. ಮನೆ, ಮಗು, ಸಾಲ ಇವುಗಳಿಂದ ಓದು ನಿಂತಿತು ಎನ್ನುವುದು ಸುಲಭ. ಒಂದು ಹುದ್ದೆ ಸಿಕ್ಕಿದ್ದರೆ ಇವೆಲ್ಲದರ ನಡುವೆಯೂ ಗಣಿತಕ್ಕೊಂದು ಜಾಗ ಇರುತ್ತಿತ್ತು. ಮುಂದೆ ಹುದ್ದೆ ಸಿಕ್ಕ ಮೇಲೆ ಆಕೆ ಒಂಟಿ ತಾಯಿಯಾಗಿದ್ದುಕೊಂಡೇ ಅತ್ಯುತ್ತಮ ಕೆಲಸ ಮಾಡಿ ತೋರಿಸಿದರು.

1880ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ವಿಜ್ಞಾನಿಗಳ ಸಮ್ಮೇಳನ ನಡೆದಾಗ ಹಿರಿಯ ಗಣಿತಜ್ಞ ಚೆಬಿಶೆವ್ ಆಕೆಯನ್ನು ಕರೆದರು. ಪೆಟ್ಟಿಗೆಯಲ್ಲಿದ್ದ ಹಳೆಯ ಪ್ರಬಂಧವನ್ನು ತೆಗೆದು ಒಂದೇ ರಾತ್ರಿಯಲ್ಲಿ ರಷ್ಯನ್ ಭಾಷೆಗೆ ಅನುವಾದಿಸಿ ಮಂಡಿಸಿದರು. ಅಷ್ಟು ವರ್ಷಗಳಾದರೂ ಅದು ಹಳತಾಗಿರಲಿಲ್ಲ. ಅಲ್ಲಿಂದ ಮತ್ತೆ ಗಣಿತದ ಕಡೆ ತಿರುಗಿದರು.

ಅಷ್ಟರಲ್ಲಿ ಇನ್ನೊಂದು ಆಘಾತ. ತೈಲ ಕಂಪನಿಯೊಂದರ ವ್ಯವಹಾರದಲ್ಲಿ ಸಿಲುಕಿ ನಲುಗಿದ್ದ ವ್ಲಾದಿಮಿರ್ 1883ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಪ್ಯಾರಿಸ್‌ನಲ್ಲಿದ್ದ ಸೋಫಿಯಾ ಸುದ್ದಿ ಕೇಳಿ ಕೋಣೆಯ ಬಾಗಿಲು ಹಾಕಿಕೊಂಡು ನಾಲ್ಕು ದಿನ ಅನ್ನ ನೀರು ಬಿಟ್ಟರು. ಐದನೆಯ ದಿನ ಪ್ರಜ್ಞೆ ತಪ್ಪಿತು. ಎಚ್ಚರವಾದ ಮೇಲೆ ಕೇಳಿದ್ದು ಕಾಗದ ಮತ್ತು ಪೆನ್ಸಿಲ್ ಎಂದು ಅವರ ಆಪ್ತರು ಬರೆದಿದ್ದಾರೆ. ಹಾಸಿಗೆಯಲ್ಲೇ ಲೆಕ್ಕ ಬಿಡಿಸಲು ತೊಡಗಿದರಂತೆ.

ಸ್ಟಾಕ್‌ಹೋಮಿನ ಕರೆ

ವೈಯರ್‌ಸ್ಟ್ರಾಸ್ ಅವರ ಇನ್ನೊಬ್ಬ ಶಿಷ್ಯ, ಸ್ವೀಡನ್ನಿನ ಗಣಿತಜ್ಞ ಮಿಟ್ಟಾಗ್-ಲೆಫ್ಲರ್, ಸ್ಟಾಕ್‌ಹೋಮಿನ ಹೊಸ ಉನ್ನತ ವಿದ್ಯಾಸಂಸ್ಥೆಯಲ್ಲಿ ಆಕೆಗೊಂದು ಅವಕಾಶಕ್ಕಾಗಿ ಹೋರಾಡಿದರು. 1883ರ ಕೊನೆಯಲ್ಲಿ ಸೋಫಿಯಾ ಅಲ್ಲಿಗೆ ಬಂದರು. ಮೊದಲಿಗೆ ಸಂಸ್ಥೆಯಿಂದ ಸಂಬಳವಿಲ್ಲ. ವಿದ್ಯಾರ್ಥಿಗಳು ಕೊಡುವ ಶುಲ್ಕವೇ ಆದಾಯ. 1884ರ ಜನವರಿಯಲ್ಲಿ ಜರ್ಮನ್ ಭಾಷೆಯಲ್ಲಿ ಮೊದಲ ಪಾಠ ಹೇಳಿದರು. ಬೇಗನೆ ಸ್ವೀಡಿಷ್ ಕಲಿತು ಅದರಲ್ಲೇ ಬೋಧಿಸತೊಡಗಿದರು. ಅದೇ ವರ್ಷ ಐದು ವರ್ಷಗಳ ಅವಧಿಗೆ ಪ್ರಾಧ್ಯಾಪಕಿಯಾಗಿ ನೇಮಕವಾಯಿತು. ‘ಆಕ್ಟಾ ಮ್ಯಾಥಮೆಟಿಕಾ’ ಎಂಬ ಪ್ರತಿಷ್ಠಿತ ಪತ್ರಿಕೆಯ ಸಂಪಾದಕ ಮಂಡಳಿಗೂ ಸೇರಿದರು.

ಎಲ್ಲರೂ ಸಂತೋಷಪಡಲಿಲ್ಲ. ಸ್ವೀಡನ್ನಿನ ಹೆಸರಾಂತ ನಾಟಕಕಾರ ಸ್ಟ್ರಿಂಡ್‌ಬರ್ಗ್ ಗಣಿತದ ಪ್ರಾಧ್ಯಾಪಕಿ ಎಂಬುದೇ ವಿಕಾರ ಎಂಬ ಧಾಟಿಯಲ್ಲಿ ಬರೆದರು. ಮಗಳನ್ನು ಕೆಲವು ಕಾಲ ರಷ್ಯಾದಲ್ಲಿ ಗೆಳತಿ ಯೂಲಿಯಾಳ ಬಳಿ ಬಿಟ್ಟಿದ್ದಕ್ಕೆ ಎಂಥ ತಾಯಿ ಎಂದು ಆಡಿಕೊಂಡವರೂ ಇದ್ದರು. ಪುಟ್ಟ ಮಗುವನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ಬೇರೆ ಊರಿಗೆ ಕೆಲಸಕ್ಕೆ ಹೋದ ನಮ್ಮಲ್ಲಿನ ಎಷ್ಟೋ ಅಮ್ಮಂದಿರಿಗೆ ಆ ಮಾತಿನ ಚುಚ್ಚು ಗೊತ್ತು. ಪರಊರಿನ ಕೆಲಸ ನೆಲೆ ನಿಂತ ಮೇಲೆ ಸೋಫಿಯಾ ಮಗಳನ್ನು ಕರೆಸಿಕೊಂಡರು.

ಬುಗುರಿಯ ಲೆಕ್ಕ

ಬುಗುರಿ ತಿರುಗುವುದನ್ನು ನಾವೆಲ್ಲ ನೋಡಿದ್ದೇವೆ. ತಿರುಗುತ್ತಾ ಓಲಾಡುತ್ತದೆ, ತಲೆ ತೂಗುತ್ತದೆ, ಕೊನೆಗೆ ಮಲಗುತ್ತದೆ. ಒಂದು ಬಿಂದುವನ್ನು ಆಧರಿಸಿ ತಿರುಗುವ ಗಟ್ಟಿ ವಸ್ತು ಯಾವ ಕ್ಷಣದಲ್ಲಿ ಯಾವ ಭಂಗಿಯಲ್ಲಿರುತ್ತದೆ ಎಂದು ಸೂತ್ರದಲ್ಲಿ ಹೇಳುವುದು ಅತ್ಯಂತ ಕಷ್ಟ. ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ಒಂದು ಸಂದರ್ಭಕ್ಕೆ ಉತ್ತರ ಕಂಡಿದ್ದರು: ವಸ್ತುವನ್ನು ಅದರ ಭಾರದ ಕೇಂದ್ರದಲ್ಲೇ ಹಿಡಿದು ತಿರುಗಿಸಿದಾಗ. ಲಗ್ರಾಂಜ್ ಇನ್ನೊಂದಕ್ಕೆ ಕಂಡರು: ನಮ್ಮ ಬುಗುರಿಯ ಹಾಗೆ ಎಲ್ಲ ಸುತ್ತಲೂ ಸಮನಾಗಿದ್ದು, ಭಾರದ ಕೇಂದ್ರ ನಡು ಅಕ್ಷದ ಮೇಲೇ ಇದ್ದಾಗ. ಆಮೇಲೆ ನೂರು ವರ್ಷ ಯಾರಿಂದಲೂ ಹೊಸ ಸಂದರ್ಭ ಸಿಗಲಿಲ್ಲ. ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿ ಬೋರ್ದ್ಯಾಂ ಪ್ರಶಸ್ತಿಗೆ ಇದನ್ನೇ ಸ್ಪರ್ಧೆಯ ವಿಷಯವಾಗಿಟ್ಟಿತು.

ಸೋಫಿಯಾ ಮೂರನೆಯದನ್ನು ಕಂಡುಹಿಡಿದರು. ಭಾರದ ಕೇಂದ್ರ ಅಕ್ಷದಿಂದ ಪಕ್ಕಕ್ಕೆ ಸರಿದ, ಓರೆಯಾದ ಬುಗುರಿ. ಅದರ ಜಡತ್ವದ ಮೂರು ಅಳತೆಗಳಲ್ಲಿ ಎರಡು ಸಮನಾಗಿದ್ದು ಒಂದೊಂದೂ ಮೂರನೆಯದರ ಎರಡರಷ್ಟಿದ್ದರೆ, ಅಷ್ಟು ಗೊಂದಲದ ಓಲಾಟಕ್ಕೂ ಪೂರ್ಣ ಉತ್ತರ ಸಿಗುತ್ತದೆ. ಅದಕ್ಕಾಗಿ ಕಾಲವನ್ನು ಬರಿಯ ಸಾಮಾನ್ಯ ಸಂಖ್ಯೆಯಾಗಿ ನೋಡದೆ ಸಂಕೀರ್ಣ ಸಂಖ್ಯೆಯಾಗಿ ಭಾವಿಸಿ, ಬರ್ಲಿನ್ನಿನಲ್ಲಿ ಗುರುಗಳಿಂದ ಕಲಿತ ಏಬಲ್ ಅನುಕಲಗಳ ವಿದ್ಯೆಯನ್ನು ಬಳಸಿದರು. ಯಾವ ಆರಂಭದಿಂದ ತಿರುಗಿಸಿದರೂ ಹೀಗೆ ಪೂರ್ಣವಾಗಿ ಬಿಡಿಸಬಹುದಾದ ಬುಗುರಿಗಳು ಈ ಮೂರೇ ಎಂದು ಮುಂದೆ ಗಣಿತಜ್ಞರು ಸಾಧಿಸಿದರು. ಮೂರನೆಯದಕ್ಕೆ ಕೊವಲೆವ್ಸ್ಕಾಯಾ ಬುಗುರಿ ಎಂದೇ ಹೆಸರು.

ಈ ಕೆಲಸ ನಡೆಯುತ್ತಿದ್ದಾಗಲೇ, 1887ರಲ್ಲಿ, ಪ್ರಾಣದಂತಿದ್ದ ಅಕ್ಕ ಅನ್ಯೂತಾ ತೀರಿಕೊಂಡಳು. ಆ ದುಃಖದಲ್ಲೇ ಪ್ರಬಂಧ ಮುಗಿಯಿತು. ಸ್ಪರ್ಧೆಯಲ್ಲಿ ಬರೆದವರ ಹೆಸರು ತೀರ್ಪುಗಾರರಿಗೆ ಗೊತ್ತಿರುತ್ತಿರಲಿಲ್ಲ. ಹೆಸರಿನ ಚೀಟಿ ಬೇರೆ ಲಕೋಟೆಯಲ್ಲಿರುತ್ತಿತ್ತು. ಪ್ರಬಂಧ ಎಷ್ಟು ಮೆಚ್ಚುಗೆಯಾಯಿತೆಂದರೆ ಬಹುಮಾನದ ಮೊತ್ತವನ್ನು 3,000 ಫ್ರಾಂಕ್‌ಗಳಿಂದ 5,000ಕ್ಕೆ ಏರಿಸಿದರು. 1888ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಪ್ರಶಸ್ತಿ ಸ್ವೀಕರಿಸಿದವರು ಸೋಫಿಯಾ. ಹೆಸರು ಮುಚ್ಚಿಟ್ಟು ಅಳೆದಾಗ ಆಕೆಯ ತೂಕ ಎಲ್ಲರಿಗಿಂತ ಹೆಚ್ಚಾಗಿತ್ತು.

ಕೊನೆಯ ವರ್ಷಗಳು

1889ರಲ್ಲಿ ಸ್ಟಾಕ್‌ಹೋಮಿನ ಹುದ್ದೆ ಆಜೀವವಾಯಿತು. ಅದೇ ವರ್ಷ ರಷ್ಯಾದ ವಿಜ್ಞಾನ ಅಕಾಡೆಮಿ ತನ್ನ ನಿಯಮವನ್ನೇ ಬದಲಿಸಿ ಆಕೆಯನ್ನು ಬಾಹ್ಯ ಸದಸ್ಯೆಯಾಗಿ ಆರಿಸಿತು. ಗೌರವ ಕೊಟ್ಟ ತಾಯ್ನಾಡು ಕೆಲಸವನ್ನು ಮಾತ್ರ ಕೊಡಲಿಲ್ಲ. ಪರದೇಶದಲ್ಲಿ ಹೆಸರು, ಸಂಬಳ ಎಲ್ಲ ಇದ್ದರೂ ತನ್ನ ಭಾಷೆಯಾಡುವ ನೆಲದಲ್ಲಿ ಪಾಠ ಹೇಳಬೇಕೆಂಬ ಆಸೆ ಈಡೇರಲಿಲ್ಲ.

ಆಕೆ ಬರಹಗಾರ್ತಿಯೂ ಹೌದು. ಬಾಲ್ಯದ ನೆನಪುಗಳನ್ನು ಬರೆದರು. ಗೋಡೆಯ ಗಣಿತದ ಕಥೆ ನಮಗೆ ತಿಳಿದದ್ದು ಅದರಿಂದಲೇ. ಮಿಟ್ಟಾಗ್-ಲೆಫ್ಲರ್ ಅವರ ತಂಗಿ, ಲೇಖಕಿ ಆ್ಯನ್ ಶಾರ್ಲೊಟ್ ಜೊತೆ ಸೇರಿ ನಾಟಕ ಬರೆದರು. ಗಣಿತಕ್ಕೂ ಕಾವ್ಯಕ್ಕೂ ಬೇಕಾದದ್ದು ಕಲ್ಪನೆಯೇ ಎಂಬುದು ಅವರ ನಂಬಿಕೆಯಾಗಿತ್ತು.

1891ರ ಆರಂಭದಲ್ಲಿ ರಜೆ ಮುಗಿಸಿ ದಕ್ಷಿಣ ಯುರೋಪಿನಿಂದ ಸ್ಟಾಕ್‌ಹೋಮಿಗೆ ಮರಳುವ ದಾರಿಯಲ್ಲಿ ಚಳಿ ಮಳೆಗೆ ಸಿಕ್ಕಿ ಜ್ವರ ಹಿಡಿಯಿತು. ಜ್ವರದಲ್ಲೇ ಬಂದು ಪಾಠ ಹೇಳಿದರು. ಅದು ನ್ಯುಮೋನಿಯಾಕ್ಕೆ ತಿರುಗಿ ಫೆಬ್ರವರಿ 10ರಂದು ತೀರಿಕೊಂಡರು. ಮಗಳಿಗೆ ಆಗ ಹನ್ನೆರಡು ವರ್ಷ. ಮುಂದೆ ಅವಳು ವೈದ್ಯೆಯಾದಳು. ಶಿಷ್ಯೆಯ ಸಾವಿನಿಂದ ಕುಸಿದ ವೃದ್ಧ ವೈಯರ್‌ಸ್ಟ್ರಾಸ್ ಆಕೆ ತನಗೆ ಬರೆದಿದ್ದ ಪತ್ರಗಳನ್ನೆಲ್ಲ ಸುಟ್ಟುಹಾಕಿದರು.

ಇಂದು ಚಂದ್ರನ ಮೇಲೆ ಒಂದು ಕುಳಿಗೆ ಸೋಫಿಯಾ ಅವರ ಹೆಸರಿದೆ. 1951ರಲ್ಲಿ ಸೋವಿಯತ್ ಒಕ್ಕೂಟ ಅವರ ಅಂಚೆಚೀಟಿ ತಂದಿತು. ಆದರೆ ಅವರ ಬದುಕನ್ನು ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವುದು ದಾರಿ ಬಿಟ್ಟುಕೊಟ್ಟ ಕೆಲವರ ಹೆಸರುಗಳು. ಪುಸ್ತಕ ಕೊಟ್ಟ ನೆರೆಯವರು, ಹಟ ಹಿಡಿದು ಜೊತೆಯಾದ ಅಕ್ಕ, ಮನೆಯಲ್ಲೇ ಪಾಠ ಹೇಳಿದ ಗುರು, ಮಗುವನ್ನು ನೋಡಿಕೊಂಡ ಗೆಳತಿ, ಹುದ್ದೆಗಾಗಿ ಜಗಳವಾಡಿದ ಸಹೋದ್ಯೋಗಿ. ಇವರಲ್ಲಿ ಒಬ್ಬರು ತಪ್ಪಿದ್ದರೂ ಈ ಕಥೆ ನಡುವಿನಲ್ಲೇ ನಿಲ್ಲುತ್ತಿತ್ತು. ಹಾಗೆ ನಡುವಿನಲ್ಲೇ ನಿಂತುಹೋದ ಹೆಣ್ಣುಮಕ್ಕಳ ಹೆಸರು ಗಣಿತದ ಚರಿತ್ರೆಯಲ್ಲಿ ಇಲ್ಲ. ನಮ್ಮ ಮನೆಯ, ನೆರೆಮನೆಯ ಹುಡುಗಿ ಲೆಕ್ಕದ ಪುಸ್ತಕ ಹಿಡಿದು ಬಂದು ಏನಾದರೂ ಕೇಳಿದರೆ, ಉತ್ತರ ನಮಗೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಗೊತ್ತಿರುವವರ ಹತ್ತಿರ ಅವಳನ್ನು ಕರೆದುಕೊಂಡು ಹೋಗುವಷ್ಟನ್ನು ನಾವು ಖಂಡಿತ ಮಾಡಬಹುದು.